ಕಾರವಾರದಲ್ಲಿ ಓದಿದ ಆಯೇರ

ಮೆಲ್ಲಗೆ ಮಾತಾಡಲು ಬಾರದ ಮನುಷ್ಯ ಹೆಂಡತಿಯ ಜೊತೆ ಮಾತು ಬಿಟ್ಟರೆ ಮನೆ ಹೇಗಿರುತ್ತದೆ ಎಂಬುದನ್ನು ಹೋದ ವರ್ಷ ಮಸಗುಪ್ಪಿಗೆ ಬಂದು ನೋಡಬೇಕಿತ್ತು. ಶೆಟ್ಟೆಪ್ಪ ಕಳ್ಳಿಗುದ್ದಿ ಹೇಳಬೇಕಾದದ್ದನ್ನೆಲ್ಲ ಎಮ್ಮೆಗೆ ಹೇಳುತ್ತಿದ್ದ. "ಏ ಎಮ್ಮೀ, ಚಾ ಆತೇನು?" ಎಂದು ಕೊಟ್ಟಿಗೆಯ ಕಡೆ ಮುಖ ಮಾಡಿ ಕೂಗುವನು. ಒಳಗಿನಿಂದ ಕಾಶೆವ್ವ ಚಹಾ ತಂದು ಕಟ್ಟೆಯ ಮೇಲೆ ಕುಕ್ಕಿ ಹೋಗುವಳು. ಎಮ್ಮೆ ಪಾಪ, ಇಬ್ಬರ ಮುಖವನ್ನೂ ನೋಡಿ ಬಾಲ ಬೀಸುವುದು. ಐದು ತಿಂಗಳು ಹೀಗೇ ನಡೆಯಿತು. ಅರವತ್ತು ದಾಟಿದ ಗಂಡಸಿಗೆ ಇದೆಲ್ಲ ಬೇಕಾಗಿತ್ತೇ ಎಂದು ನೀವು ಕೇಳಬಹುದು, ಊರೂ ಕೇಳಿತು. ಆದರೆ ಶೆಟ್ಟೆಪ್ಪನ ಸಿಟ್ಟಿಗೆ ಅವನ ಲೆಕ್ಕದಲ್ಲಿ ದೊಡ್ಡ ಕಾರಣವಿತ್ತು. ಅವನಿಗೆ ಹೇಳದೆ ಕೇಳದೆ ಅವನ ಹೆಂಡತಿ ಒಂದು ಸಿನಿಮಾದಲ್ಲಿ ಪಾರ್ಟು ಮಾಡಿದ್ದಳು.

ಈ ಸಿಟ್ಟು ತಿಳಿಯಬೇಕಾದರೆ ಅವನ ಗಂಟಲಿನ ಕತೆ ಮೊದಲು ತಿಳಿಯಬೇಕು. ಶೆಟ್ಟೆಪ್ಪನದು ಹಿಟ್ಟಿನ ಗಿರಣಿ. ಗಿರಣಿ ಅಪ್ಪನಿಂದ ಬಂತು, ಗಂಟಲು ಗಿರಣಿಯಿಂದ ಬಂತು. ಬೆಲ್ಟು ತಿರುಗುವಾಗ ಜೋಳ ತಂದವರ ಜೊತೆ ಮಾತಾಡಬೇಕೆಂದರೆ ಕಿರುಚಲೇಬೇಕು. ಚಡ್ಡಿ ಹಾಕುವ ವಯಸ್ಸಿನಿಂದ ಕಿರುಚಿ ಕಿರುಚಿ ಅವನಿಗೆ ಸಣ್ಣ ದನಿ ಎನ್ನುವುದೇ ಇಲ್ಲವಾಯಿತು. ಉಣ್ಣಲು ಕುಳಿತು ಉಪ್ಪು ಕೇಳಿದರೆ, ಇವತ್ತು ಶೆಟ್ಟೆಪ್ಪನ ಮನೆಯ ಪಲ್ಯ ಸಪ್ಪಗಾಗಿದೆ ಎಂದು ಓಣಿಗೆಲ್ಲ ಗೊತ್ತಾಗುತ್ತಿತ್ತು.

ಇಂಥ ಗಂಟಲನ್ನು ಊರು ಸುಮ್ಮನೆ ಬಿಟ್ಟೀತೇ? ನಾಟಕದಲ್ಲಿ ಆಯೇರ ಓದಲು ಹಚ್ಚಿತು. ನಮ್ಮ ಕಡೆಯ ನಾಟಕ ನೋಡದವರಿಗೆ ಇದನ್ನು ಬಿಡಿಸಿ ಹೇಳಬೇಕು. ಮದುವೆಯಲ್ಲಿ ಬೀಗರಿಗೆ ಸೀರೆ, ಧೋತರ ಕೊಟ್ಟು ಆಯೇರ ಮಾಡುತ್ತಾರಲ್ಲ, ಹಾಗೆಯೇ ನಾಟಕ ನಡೆದಾಗ ಯಾವುದಾದರೂ ಪಾರ್ಟು ಮನಸ್ಸಿಗೆ ಹಿಡಿಸಿದರೆ ಕುಳಿತ ಜನ ಎದ್ದು ಬಂದು ಪಾತ್ರಧಾರಿಗೆ ಏನಾದರೊಂದು ಕೊಡುತ್ತಾರೆ. ಗಂಡಸಾದರೆ ಟವೆಲ್ಲು, ಹೆಂಗಸಾದರೆ ಸೀರೆಯೋ ಕುಪ್ಪಸದ ಖಣವೋ. ಆಯೇರ ಬಂದ ಕೂಡಲೇ ನಾಟಕ ನಿಂತುಬಿಡಬೇಕು. ಗೌಡ ಕೊಡಲಿ ಎತ್ತಿದ್ದರೆ ಎತ್ತಿದ ಕೊಡಲಿಯಲ್ಲೇ ನಿಲ್ಲಬೇಕು. ತಾಯಿ ಸಾಯುತ್ತಿದ್ದರೆ ಸಾಯುವುದನ್ನು ಅರ್ಧಕ್ಕೆ ಬಿಟ್ಟು, ಎದ್ದು ಕುಳಿತು, ಸೀರೆ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು ಮತ್ತೆ ಸಾಯಬೇಕು. ಆ ಹೊತ್ತಿನಲ್ಲಿ ಮೈಕಿನ ಮುಂದೆ ನಿಂತು, ಯಾರು ಯಾರಿಗೆ ಏನು ಕೊಟ್ಟರು ಎಂದು ಸಾರಿ ಹೇಳುವವನೇ ಆಯೇರ ಓದುವವನು.

ಓದುವುದು ಎಂಬುದು ಮಾತಿಗೆ ಅಷ್ಟೇ. ಶೆಟ್ಟೆಪ್ಪನ ಕೈಯಲ್ಲಿ ಒಂದು ಚೀಟಿಯೂ ಇರುತ್ತಿರಲಿಲ್ಲ. ಕೊಡುವವರು ಬಂದು ಕಿವಿಯಲ್ಲಿ ಹೆಸರು ಹೇಳಿದರೆ ಮುಗಿಯಿತು. "ಕಲಾಭಿಮಾನಿಗಳಲ್ಲಿ ವಿನಂತಿ. ಮಮದಾಪುರದ ಶ್ರೀ ಗುರುಪಾದ ಇವರು, ತಾಯಿಯ ಪಾತ್ರವನ್ನು ಮನಸಾರೆ ಮೆಚ್ಚಿ, ಒಂದು ಇಳಕಲ್ ಸೀರೆಯನ್ನು ಆಯೇರ ಮಾಡಿರುತ್ತಾರೆ. ಅವರ ಮನೆತನ ಬಳ್ಳಿಯಾಗಿ ಹಬ್ಬಲಿ" ಎಂದು ಒಂದೇ ಉಸಿರಿನಲ್ಲಿ ಹೇಳಿದರೆ ಗುರುಪಾದನ ಎದೆ ಒಂದು ಗೇಣು ಉಬ್ಬುತ್ತಿತ್ತು. ಮೂಡಲಗಿ, ಗೋಕಾಕ ಸುತ್ತಲಿನ ಹಳ್ಳಿಗಳಷ್ಟೇ ಅಲ್ಲ, ಹುಕ್ಕೇರಿ, ಸಂಕೇಶ್ವರದ ಕಡೆಯವರೂ ನಾಟಕ ಇಟ್ಟರೆ ಅವನಿಗೆ ವೀಳ್ಯ ಕೊಟ್ಟು ಕರೆಯುತ್ತಿದ್ದರು.

ಅವನದು ಎರಡೇ ನೇಮ. ಒಂದು, ಆಯೇರದ ನಡುವೆ ತೆರಪು ಬೀಳಬಾರದು. "ಹೆಸರಿಗೆ ತಡವರಿಸಿದ್ರ ಕೊಟ್ಟಾಂವ ಮಂದ್ಯಾಗ ಸಣ್ಣಾಂವ ಆಗ್ತಾನ" ಎನ್ನುತ್ತಿದ್ದ. ಇನ್ನೊಂದು, ಓದುವವನು ತಾನು ಆಯೇರ ಮಾಡಬಾರದು. "ತಕ್ಕಡಿ ಹಿಡದಾಂವ ತಾನ ತಕ್ಕಡ್ಯಾಗ ಕುಂದರಬಾರದು." ಹಾಗಾಗಿ ನಲವತ್ತು ವರ್ಷ ಯಾರ ಯಾರದೋ ಹೆಸರು ಕೂಗಿದ ಶೆಟ್ಟೆಪ್ಪ ತನ್ನ ಹೆಸರನ್ನು ಒಮ್ಮೆಯೂ ಕೂಗಿರಲಿಲ್ಲ. ಇನ್ನು ಕಾಶೆವ್ವನ ಹೆಸರು ಕೂಗುವ ಮಾತೇ ಇಲ್ಲ. ಅವರ ಕಾಲದವರಲ್ಲಿ ಗಂಡನ ಹೆಸರು ಹೆಂಡತಿ ಹೇಳುವುದಿಲ್ಲ, ಹೆಂಡತಿಯ ಹೆಸರು ಗಂಡ ಕರೆಯುವುದಿಲ್ಲ. ಅವನಿಗೆ ಅವಳು "ಏ, ಇಲ್ಲಿ ಕೇಳಿಲ್ಲಿ", ಅವಳಿಗೆ ಅವನು "ಏನ್ರಿ". ಅಷ್ಟರಲ್ಲೇ ಸಂಸಾರ ಸಾಗಿತ್ತು.

ಈಗ ಕಾಶೆವ್ವನ ಮಾತು. ಮದುವೆಯಾದ ಹೊಸತರಲ್ಲಿ ನಾಟಕದ ತಾಲೀಮು ಇವರ ಮನೆಯ ಅಂಗಳದಲ್ಲೇ ನಡೆಯುತ್ತಿತ್ತು. ಹಾರ್ಮೋನಿಯಂ ಪೇಟಿ ಬಾರಿಸುವ ಮಾಲಿಂಗಪ್ಪ ಮಾಸ್ತರ ಕಲಿಸುವವರು. ಹುಡುಗರು ಹೊರಗೆ ಮಾತು ಬಾಯಿಪಾಠ ಮಾಡಿದರೆ, ಕಾಶೆವ್ವ ಒಳಗೆ ರೊಟ್ಟಿ ಬಡಿಯುತ್ತ ಅದನ್ನೇ ಹೇಳಿಕೊಳ್ಳುವಳು. ಗೌಡನದೂ ಬರುತ್ತಿತ್ತು, ತಾಯಿಯದೂ ಬರುತ್ತಿತ್ತು. ಒಂದು ಸಂಜೆ ತಾಯಿಯ ಪಾರ್ಟಿಗೆ ಹೇಳಿಕಳಿಸಿದ ಕಲಾವಿದೆ ಬಸ್ಸು ತಪ್ಪಿ ಬರಲಿಲ್ಲ. ಆಗ ಅಡುಗೆಮನೆಯಿಂದ ದನಿ ಬಂತು: "ಈ ಹೊಸ್ತಿಲು ದಾಟಿದ್ದು ನಾನಲ್ಲೋ ಮಗನೇ, ನಿನ್ನ ಸೊಕ್ಕು." ಮಾಲಿಂಗಪ್ಪ ಪೇಟಿಯ ಮೇಲೆ ಬೆರಳಿಟ್ಟವರು ಹಾಗೇ ಕುಳಿತರು. "ಶೆಟ್ಟೆಪ್ಪಾ, ಪಾರ್ಟು ಮನ್ಯಾಗ ಇಟಗೊಂಡು ಊರೂರು ಯಾಕ ಹುಡಕಾಕತ್ತೇವಿ?" ಎಂದು ಕೇಳಿದರು.

ಶೆಟ್ಟೆಪ್ಪನ ಮುಖ ಕೆಂಪಾಯಿತು. "ನಮ್ಮ ಮನಿ ಹೆಣ್ಮಗಳು ಬಣ್ಣಾ ಹಚ್ಚಂಗಿಲ್ಲ ಮಾಸ್ತರ" ಎಂದ. ಅಷ್ಟೇ. ಕಂಡವರ ಮನೆಯ ಹೆಣ್ಣುಮಗಳು ಬಣ್ಣ ಹಚ್ಚಿದರೆ ಗಂಟಲು ಹರಿಯುವಂತೆ ಹೊಗಳಬಹುದು, ತನ್ನ ಮನೆಯವಳು ಹಚ್ಚಬಾರದು. ಇದು ಎಲ್ಲಿಯ ನ್ಯಾಯ ಎಂದು ಅವನನ್ನು ಯಾರೂ ಕೇಳಲಿಲ್ಲ. ಕಾಶೆವ್ವನೂ ಕೇಳಲಿಲ್ಲ. ಅವಳು ಹಂಚಿನ ಮೇಲಿನ ರೊಟ್ಟಿ ಮಗುಚಿ ಹಾಕಿದಳು. ಅಂದಿನಿಂದ ಒಳಗಿನ ದನಿ ಅಂಗಳಕ್ಕೆ ಕೇಳುವುದು ನಿಂತುಹೋಯಿತು.

ನಿಂತಿದೆ ಎಂದು ಶೆಟ್ಟೆಪ್ಪ ತಿಳಿದಿದ್ದ. ನಿಂತಿಲ್ಲ ಎಂದು ಮಗಳಿಗೆ ಗೊತ್ತಿತ್ತು. ಐಶ್ವರ್ಯ ತಡವಾಗಿ ಹುಟ್ಟಿದ ಒಬ್ಬಳೇ ಮಗಳು. ಗೋಕಾಕದ ಕಾಲೇಜು ಮುಗಿಸಿ, ಅಲ್ಲೇ ಮದುವೆಗಳ ಶೂಟಿಂಗ್ ಮಾಡುತ್ತಿದ್ದಳು. ಮದುಮಕ್ಕಳು ಅಕ್ಕಿಕಾಳಿನ ಮಳೆಯಲ್ಲಿ ನಗುವುದನ್ನು ಹಿಡಿದು ಹಿಡಿದು ಬೇಸರ ಬಂದಾಗ, ಗೆಳತಿಯರನ್ನು ಕಟ್ಟಿಕೊಂಡು ಅರ್ಧ ತಾಸಿನ ಒಂದು ಸಿನಿಮಾ ಮಾಡಿದಳು. ಅದರಲ್ಲಿ ಇರುವುದು ಒಬ್ಬಳೇ ಹೆಂಗಸು. ಹೆಸರು 'ಒಳಗಿನ ಪಾರ್ಟು'. ಅಪ್ಪ ಗಿರಣಿಗೆ ಹೋದ ಮೇಲೆ ಕ್ಯಾಮೆರಾ ಅಡುಗೆಮನೆಗೆ ಬರುತ್ತಿತ್ತು. ಒಂದು ದಿನ ಅವನು ನಡುವೆ ಬಂದು ಕೇಳಿದಾಗ, "ಅವ್ವ ರೊಟ್ಟಿ ಮಾಡೂದು ತಗ್ಯಾಕತ್ತೇನಪ್ಪಾ" ಎಂದಳು. ಸುಳ್ಳಲ್ಲ. ಮೊಬೈಲಿನಲ್ಲಿ ಅಡುಗೆ ತೋರಿಸುವವರು ಊರಿಗೊಬ್ಬರು ಇದ್ದಾರೆ, ಇದೂ ಅಂಥದೇ ಇರಬೇಕು ಎಂದುಕೊಂಡು ಅವನು ನೀರು ಕುಡಿದು ಹೋದ.

ಸತ್ಯ ಗೊತ್ತಾದದ್ದು ಮೂಡಲಗಿಯ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ. ಅಂಗಡಿಯವನು ಮೊಬೈಲು ಹಿಡಿದು, "ಕಾಕಾ, ನಿಮ್ಮ ಮನ್ಯಾರದು ಪಿಚ್ಚರ್ ಕಾರವಾರಕ್ಕ ಹೊಂಟೈತಂತ" ಎಂದು ತೋರಿಸಿದ. ಅದರಲ್ಲಿ ಕಾಶೆವ್ವ, ಕೈಗೆಲ್ಲ ಹಿಟ್ಟು, ಕಣ್ಣು ನೇರ ಇವನ ಕಡೆಗೇ. ಶೆಟ್ಟೆಪ್ಪ ಚಹಾ ಅರ್ಧಕ್ಕೆ ಬಿಟ್ಟು ಎದ್ದ. ಮನೆಗೆ ಬಂದವನು ಹೆಂಡತಿಯನ್ನು ದಾಟಿ ನೇರ ಕೊಟ್ಟಿಗೆಗೆ ಹೋದ. ಅವತ್ತಿನಿಂದ ಎಮ್ಮೆಯ ಕಾರುಬಾರು ಶುರುವಾಯಿತು.

ಕಾರವಾರಕ್ಕೆ ಎಂದರೆ ಅಲ್ಲಿಯ ಸಿನಿಮಾ ಉತ್ಸವಕ್ಕೆ. ಅದು ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ನಡೆಯುವಂಥದು. ದೊಡ್ಡ ಕಂಪನಿಗಳ ಹಂಗಿಲ್ಲದೆ, ತಮ್ಮ ಕೈಯಿಂದಲೇ ದುಡ್ಡು ಹಾಕಿ ಸಿನಿಮಾ ಮಾಡಿದವರು ಬಂದು ತೋರಿಸುತ್ತಾರೆ. ಕಾಶೆವ್ವನಿಗೂ ಐಶ್ವರ್ಯಳಿಗೂ ಬರಲು ಹೇಳಿದ್ದರು. ಗಂಡನ ಅಪ್ಪಣೆ ಇಲ್ಲದೆ ಗೋಕಾಕದ ಸಂತೆಗೂ ಹೋಗದ ಕಾಶೆವ್ವ, ಈ ಸಲ ಸೀರೆ ಮಡಿಸಿ ಚೀಲಕ್ಕೆ ಹಾಕಿದಳು. ಅದನ್ನು ಕಂಡ ಶೆಟ್ಟೆಪ್ಪ ಎಮ್ಮೆಗೆ, "ಯಾರರ ಎಲ್ಲೆರ ಹೋಗ್ಲಿ, ನಾ ಅಂತೂ ಬರಂಗಿಲ್ಲ" ಎಂದು ಹೇಳಿದ.

ಅವನ ಹಟ ಮುರಿದವರು ಮಾಲಿಂಗಪ್ಪ ಮಾಸ್ತರರು. ಈಗ ಮುಪ್ಪಾಗಿ, ಪೇಟಿಯ ಮೇಲೆ ಬೆರಳು ಓಡದಿದ್ದರೂ ನಾಲಗೆ ಓಡುತ್ತಿತ್ತು. ಗಿರಣಿಗೆ ಬಂದು, ಬೆಲ್ಟು ನಿಲ್ಲಿಸಲು ಸನ್ನೆ ಮಾಡಿ ಹೇಳಿದರು: "ಏ ಶೆಟ್ಟೆಪ್ಪಾ, ಜಲ್ಮಪೂರ್ತಿ ಮಂದಿ ಹೆಸರು ಓದಿದಿ. ಅಲ್ಲಿ ನಿನ್ನ ಹೆಂಡತಿ ಹೆಸರು ಓದತಾರಂತ. ಯಾಂವ ಓದ್ತಾನ, ಹ್ಯಾಂಗ ಓದ್ತಾನ, ಅದನ್ನರ ಕೇಳಿ ಬಾ."

ಇದು ಮಾತ್ರ ತಾಗಿತು. ಅಷ್ಟು ದೊಡ್ಡ ಉತ್ಸವ ಎಂದರೆ ಆಯೇರ ಓದುವವನೂ ದೊಡ್ಡವನೇ ಇರಬೇಕು. ಅವನ ವರಸೆ ನೋಡಿ ಬರುವುದರಲ್ಲಿ ತಪ್ಪೇನಿದೆ? ಶೆಟ್ಟೆಪ್ಪ ಧೋತರ ಇಸ್ತ್ರಿ ಮಾಡಿಸಿ, ತಲೆಗೆ ರುಮಾಲು ಸುತ್ತಿ, ಹೊಸ ಟವೆಲ್ಲು ಹೆಗಲಿಗೆ ಹಾಕಿಕೊಂಡು, ಎಮ್ಮೆಯನ್ನು ಪಕ್ಕದ ಮನೆಗೆ ಒಪ್ಪಿಸಿ ಹೊರಟ.

ಹುಬ್ಬಳ್ಳಿ ದಾಟಿ, ಯಲ್ಲಾಪುರ ದಾಟಿ, ಘಟ್ಟ ಇಳಿದು ಕಾರವಾರ ಮುಟ್ಟುವವರೆಗೆ ಗಂಡ ಹೆಂಡತಿ ಒಂದು ಮಾತೂ ಆಡಲಿಲ್ಲ. ಎಮ್ಮೆ ಬಂದಿರಲಿಲ್ಲವಾದ್ದರಿಂದ ಆ ಕೆಲಸ ಐಶ್ವರ್ಯಳ ಪಾಲಿಗೆ ಬಂತು. "ನಿಮ್ಮವ್ವಗ ಹೇಳು, ಕಿಡಕಿ ಮುಚ್ಚು ಅಂತ." "ನಿಮ್ಮಪ್ಪಗ ಹೇಳು, ಗಾಳಿ ಬೇಕು ನನಗ ಅಂತ." ಹುಡುಗಿ ಸಾಕಾಗಿ ಕಿವಿಗೆ ಹಾಡು ಹಾಕಿಕೊಂಡು ಕಣ್ಣು ಮುಚ್ಚಿದಳು.

ಬೆಳಿಗ್ಗೆ ಸಮುದ್ರ ನೋಡಲು ಹೋದರು. ಶೆಟ್ಟೆಪ್ಪ ಒಣ ಮರಳಿನ ಮೇಲೇ ನಿಂತ. ಘಟಪ್ರಭೆ ನೋಡಿದ ಕಣ್ಣಿಗೆ, ಆಚೆ ದಂಡೆ ಇಲ್ಲದ ನೀರು ಒಂದು ನಮೂನೆ ಕೆಟ್ಟದ್ದಾಗಿ ಕಂಡಿತು. ಕಾಶೆವ್ವ ನಿರಿಗೆ ಎತ್ತಿ ಹಿಡಿದು ಮೊಳಕಾಲಿನವರೆಗೆ ಇಳಿದಳು. ಮಗಳ ಕೈ ಹಿಡಿದುಕೊಂಡು ಅವಳು ಹೇಳಿದ್ದು ಇಷ್ಟು: "ಬಹುಮಾನ ಗಿಹುಮಾನ ನನಗ ಬ್ಯಾಡವ್ವ. ನಿಮ್ಮಪ್ಪಾರು ಕುಂತು ಪೂರಾ ನೋಡಿ, ಚಲೋ ಮಾಡೀದಿ ಅನ್ಲಿ. ಊರಿನ ಮಂದಿಗೆಲ್ಲಾ ಅಂದಾರ. ನನಗೊಮ್ಮೆ ಅನ್ಲಿ." ಅಲೆಯ ಸದ್ದಿನಲ್ಲಿ ಅದು ದಂಡೆಯವರೆಗೆ ಬರಲಿಲ್ಲ. ದಂಡೆಯಿಂದ ಮಾತ್ರ, "ನಿಮ್ಮವ್ವಗ ಹೇಳು, ಭಾಳ ಒಳಗ ಹೋಗಬ್ಯಾಡಂತ" ಎಂಬ ಕೂಗು ಅಲೆಯನ್ನೂ ಮೀರಿ ಬಂತು.

ಉತ್ಸವದ ಸಭಾಂಗಣ ಶೆಟ್ಟೆಪ್ಪ ಎಣಿಸಿದಷ್ಟು ದೊಡ್ಡದಿರಲಿಲ್ಲ. ಬಾಗಿಲಲ್ಲಿ ಬಟ್ಟೆಯ ಚೀಲ ತೂಗುಹಾಕಿಕೊಂಡ ಹುಡುಗ ಹುಡುಗಿಯರು, ಒಳಗೆ ಕುರ್ಚಿಗಳು, ಎದುರಿಗೆ ಬಿಳಿ ಪರದೆ. ಮೈಕು ಎಲ್ಲಿದೆ ಎಂದು ಮೊದಲು ಹುಡುಕಿದ. ಒಂದು ಮೂಲೆಯಲ್ಲಿ ಸುಮ್ಮನೆ ನಿಂತಿತ್ತು.

"ಆಯೇರ ಓದಾಂವ ಯಾರು?" ಎಂದು ಮಗಳನ್ನು ಕೇಳಿದ.

"ಇಲ್ಲಿ ಆಯೇರ ಇಲ್ಲಪ್ಪಾ. ಮುಗಿಯೂತನಕ ಎಲ್ಲಾರೂ ಸುಮ್ಮ ಕುಂತ ನೋಡ್ತಾರ. ಮುಗದ ಮ್ಯಾಲ ಚಪ್ಪಾಳಿ ಹೊಡೀತಾರ. ಆಮ್ಯಾಲ ಪ್ರಶ್ನೆ ಕೇಳ್ತಾರ."

"ಪ್ರಶ್ನೆ? ಸಾಲ್ಯಾಗ ಕೇಳಿದಂಗ?"

"ಹೂಂ ಅಪ್ಪಾ. ನೀ ಮಾತ್ರ ಬಾಯಿ ತಗೀಬ್ಯಾಡ, ನಿನಗ ಕೈ ಮುಗೀತೇನಿ."

ಶೆಟ್ಟೆಪ್ಪನಿಗೆ ಆದ ನಿರಾಸೆ ಅಷ್ಟಿಷ್ಟಲ್ಲ. ಇಷ್ಟು ದೂರ ಬಂದದ್ದು ಯಾರದೂ ಹೆಸರು ಓದದ ಊರಿಗೇ? ತಾಯಿ ಮಗಳನ್ನು ಮುಂದೆ ಎರಡನೆಯ ಸಾಲಿನಲ್ಲಿ ಕೂರಿಸಿದರು. ಇವನು ಹಟಕ್ಕೆ ಬಿದ್ದು ಹಿಂದೆ ಬಾಗಿಲ ಹತ್ತಿರ ಕುಳಿತ. ಮೊದಲ ಸಿನಿಮಾದಲ್ಲಿ ಒಬ್ಬ ಮನುಷ್ಯ ಗೋಡೆ ನೋಡುತ್ತ ಕುಳಿತಿದ್ದ, ಕುಳಿತೇ ಇದ್ದ. "ಕರೆಂಟ್ ಹೋಗಿ ಪಿಚ್ಚರ್ ನಿಂತಿತೇನು?" ಎಂದು ಶೆಟ್ಟೆಪ್ಪ ಪಕ್ಕದವನ ಕಿವಿಯಲ್ಲಿ ಕೇಳಿದ. ಅವನ ಪಿಸುಮಾತಿಗೆ ಮುಂದಿನ ಸಾಲಿನವರೆಗೆ ಎಲ್ಲರೂ ತಿರುಗಿ ನೋಡಿದರು. ಐಶ್ವರ್ಯ ಮುಖ ಮುಚ್ಚಿಕೊಂಡಳು.

ಆಮೇಲೆ 'ಒಳಗಿನ ಪಾರ್ಟು' ಶುರುವಾಯಿತು.

ಪರದೆಯ ತುಂಬ ಅವನದೇ ಅಡುಗೆಮನೆ. ಹೊಗೆ ಹಿಡಿದ ಗೂಡು, ಸೊಟ್ಟಾದ ಪರಾತ, ತಾನು ಮಾಡಿಸುತ್ತೇನೆ ಎಂದು ವರ್ಷಗಟ್ಟಲೆ ಮುಂದೂಡಿದ ಮುರುಕು ಕಿಟಕಿ. ಒಲೆಯ ಮುಂದೆ ಕುಳಿತ ಕಾಶೆವ್ವ ಹಿಟ್ಟು ನಾದಿ ರೊಟ್ಟಿ ಬಡಿಯತೊಡಗಿದಳು. ಬಡಿತದ ಜೊತೆಗೇ ಮಾತು. ಮೊದಲು ಗೌಡನದು, ದಪ್ಪ ದನಿಯಲ್ಲಿ. ಆಮೇಲೆ ತಾಯಿಯದು. "ಈ ಹೊಸ್ತಿಲು ದಾಟಿದ್ದು ನಾನಲ್ಲೋ ಮಗನೇ." ಅಂಗೈ ರೊಟ್ಟಿಯ ಮೇಲೆ ಬಿದ್ದ ಹಾಗೆ ಮಾತು ಬಿತ್ತು. ಅವನು ಓದಿದ ಆಯೇರಗಳಲ್ಲಿ ಈ ತಾಯಿ ಎಷ್ಟೋ ಸಲ ಸೀರೆ ತೆಗೆದುಕೊಂಡಿದ್ದಳು, ಆದರೆ ಒಬ್ಬಳೂ ಹೀಗೆ ಹೇಳಿರಲಿಲ್ಲ. ನಾಟಕ ಬಲ್ಲ ಅವನ ಕಿವಿಗೆ ಅದು ಗೊತ್ತಾಯಿತು. ಶೆಟ್ಟೆಪ್ಪ ಕುರ್ಚಿಯ ತುದಿಗೆ ಸರಿದ. ಇಂಥವಳನ್ನು ನಾನೇ ಅಲ್ಲವೇ ಒಲೆಯ ಮುಂದೆ ಕೂರಿಸಿದ್ದು ಎಂದು ಮೊದಲ ಸಲ ಅನ್ನಿಸಿತು.

ಪರದೆಯ ಮೇಲೆ ಕಾಶೆವ್ವ ತಾಯಿಯ ಮಾತು ಮುಗಿಸಿ, ರೊಟ್ಟಿ ಹಂಚಿಗೆ ಹಾಕಿ, ಬೆವರು ಒರೆಸಿಕೊಂಡಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಕುತ್ತಿಗೆ ಎತ್ತಿ, ಎಡಗೈಯನ್ನು ಕಿವಿಯ ಹತ್ತಿರ ಹಿಡಿದಳು. ಅದು ಶೆಟ್ಟೆಪ್ಪನ ವರಸೆ. ಸಾಕ್ಷಾತ್ ಅವನದೇ.

"ಕಲಾಭಿಮಾನಿಗಳಲ್ಲಿ ವಿನಂತಿ" ಎಂದಳು ಕಾಶೆವ್ವ. "ಮಸಗುಪ್ಪಿಯ ಶ್ರೀ..."

ಅಲ್ಲಿಗೆ ನಿಂತಳು.

ಮುಂದೆ ಹೆಸರು ಬರಬೇಕು, ಬರಲಿಲ್ಲ. ಗಂಡನ ಹೆಸರು ಅವಳು ಹೇಗೆ ಹೇಳಿಯಾಳು? ಬಾಯಿ ಹಾಗೇ ತೆರೆದಿತ್ತು, ಕಣ್ಣು ಬಾಗಿಲ ಕಡೆಗಿತ್ತು. ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು. ಕ್ಯಾಮೆರಾ ಕದಲಲಿಲ್ಲ.

ಆಯೇರದ ನಡುವೆ ತೆರಪು ಬಿದ್ದಿತ್ತು. ಶೆಟ್ಟೆಪ್ಪ ಎದ್ದು ನಿಂತದ್ದು ಅವನಿಗೇ ಗೊತ್ತಾಗಲಿಲ್ಲ.

"ಶೆಟ್ಟೆಪ್ಪ ಬಸಲಿಂಗಪ್ಪ ಕಳ್ಳಿಗುದ್ದಿ ಇವರು" ಎಂದಿತು ಗಿರಣಿಯ ಗಂಟಲು, ಮೈಕಿಲ್ಲದೆ. ಜನ ಬೆಚ್ಚಿ ತಿರುಗಿದರು. "ತಮ್ಮ ಧರ್ಮಪತ್ನಿ ಶ್ರೀಮತಿ..." ಇಲ್ಲಿ ಅವನೂ ತಡೆದ. ನಲವತ್ತು ವರ್ಷದಲ್ಲಿ ಎಂದೂ ತಡೆಯದವನು ಉಸಿರು ಎಳೆದುಕೊಂಡ. "ಶ್ರೀಮತಿ ಕಾಶೆವ್ವ ಇವರ ಪಾತ್ರವನ್ನು ಮನಸಾರೆ ಮೆಚ್ಚಿ, ಒಂದು ಟವೆಲ್ಲನ್ನು ಆಯೇರ ಮಾಡಿರುತ್ತಾರೆ."

ಓದಿದ ಮೇಲೆ ಆಯೇರವನ್ನು ಪಾತ್ರಧಾರಿಗೆ ಮುಟ್ಟಿಸಬೇಕು. ಹೆಗಲ ಟವೆಲ್ಲು ಎರಡೂ ಕೈಯಲ್ಲಿ ಹಿಡಿದು ಶೆಟ್ಟೆಪ್ಪ ನಡುವಿನ ದಾರಿಯಲ್ಲಿ ನಡೆದ. ನಾಟಕವಾದರೆ ನಿಲ್ಲುತ್ತಿತ್ತು, ಸಿನಿಮಾ ನಿಲ್ಲಲಿಲ್ಲ. ಪರದೆಯ ಕಾಶೆವ್ವ ಕಣ್ಣು ಬಾಗಿಲಿನಿಂದ ತೆಗೆದು ರೊಟ್ಟಿ ಮಗುಚಿದಳು. ಅವಳ ಮೇಲೆ ರುಮಾಲಿನ ಒಂದು ದೊಡ್ಡ ನೆರಳು ಬಿತ್ತು. "ಸಾರ್, ಕೂತ್ಕೊಳ್ಳಿ" ಎಂದು ಹಿಂದಿನಿಂದ ಯಾರೋ ಅಂದರು. ಪರದೆಯ ಹತ್ತಿರ ಹೋಗಿ ನಿಂತಾಗಲೇ ಅವನಿಗೆ ಹೊಳೆದದ್ದು, ಇಲ್ಲಿ ಹೊದಿಸಲು ಹೆಗಲಿಲ್ಲ, ಇರುವುದು ಬರೀ ಬಟ್ಟೆ ಎಂದು. ತಿರುಗಿದ. ಬೆಳಕು ಕಣ್ಣಿಗೆ ಹೊಡೆದು ಏನೂ ಕಾಣಲಿಲ್ಲ. ಟವೆಲ್ಲು ಹಿಡಿದು ಕುರ್ಚಿಗಳ ಕಡೆ ತಡಕಾಡುತ್ತ ಬಂದ.

ಎರಡನೆಯ ಸಾಲಿನಿಂದ ಬಳೆಯ ಕೈಯೊಂದು ಬಂದು ಅವನ ಅಂಗಿಯ ತೋಳು ಹಿಡಿಯಿತು.

"ಅಲ್ಲೆಲ್ಲಿ ಹುಡಕಾಕತ್ತೀರಿ? ಇಲ್ಲಿ ಅದೇನಿ ನಾ" ಎಂದಳು ಕಾಶೆವ್ವ.

ಅವನು ಕತ್ತಲಲ್ಲೇ ಬಾಗಿ ಟವೆಲ್ಲನ್ನು ಅವಳ ಹೆಗಲಿಗೆ ಹೊದಿಸಿದ.

"ಹೆಣ್ಮಕ್ಕಳಿಗೆ ಟವೆಲ್ ಆಯೇರ ಮಾಡಿದ್ದು ಎಲ್ಲೆರ ಕಂಡೀರೇನು?" ಎಂದಳು. ದನಿಯಲ್ಲಿ ಅಳು ಇತ್ತು, ಆದರೂ ಬಿಡಲಿಲ್ಲ. "ಸೀರಿ ಊರಿಗೆ ಹೋಗಿ ಕೊಡ್ರಿ. ಈಗ ಕುಂದರ್ರಿ, ಮಂದಿಗೆ ಅಡ್ಡ ಆಗಾಕತ್ತೀರಿ. ಪಿಚ್ಚರ್ ಇನ್ನೂ ಐತಿ."

ಐಶ್ವರ್ಯ ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟು, ಕಣ್ಣೊರೆಸಿಕೊಳ್ಳುತ್ತ ಗೋಡೆಗೆ ಆತು ನಿಂತಳು. ಶೆಟ್ಟೆಪ್ಪ ಹೆಂಡತಿಯ ಪಕ್ಕದಲ್ಲಿ ಕುಳಿತು ಕೊನೆಯವರೆಗೆ ನೋಡಿದ. ಪರದೆಯ ಮೇಲೆ ಕಾಶೆವ್ವ ರೊಟ್ಟಿಗಳನ್ನು ಬುಟ್ಟಿಗೆ ಒಟ್ಟಿ, ಒಲೆಗೆ ನೀರು ಚಿಮುಕಿಸಿ ಎದ್ದುಹೋದಳು. ಹೆಸರುಗಳು ಬರತೊಡಗಿದವು. ಎಲ್ಲಕ್ಕಿಂತ ಮೊದಲು ಅವಳದು. ಅವನು ಅವಳ ಕಡೆ ಬಾಗಿ, ಕಿವಿಯಲ್ಲಿ, ತನಗೆ ಸಾಧ್ಯವಾದಷ್ಟು ಮೆಲ್ಲಗೆ, "ಚಲೋ ಮಾಡೀದಿ" ಎಂದ.

ಅವನ ಮೆಲ್ಲಗೆ ಎಂದರೆ ಎಂಥದು ಎಂದು ನಿಮಗೆ ಗೊತ್ತೇ ಇದೆ. ಇಡೀ ಸಭಾಂಗಣಕ್ಕೆ ಕೇಳಿಸಿತು.